ಎಡೆಗಿಟ್ಟ ಕ್ಯಾಪ್ಟನ್

ನಲವತ್ತು ದಾಟಿದ ಗಂಡಸು, ತಲೆಯ ಮುಂಭಾಗದ ಕೂದಲೆಲ್ಲ ಉದುರಿಸಿಕೊಂಡವನು, ಶಿಡ್ಲಘಟ್ಟದ ಒಂದು ಕಾಲೇಜಿನ ಆಫೀಸಿನಲ್ಲಿ ಕೂತು, ಪ್ರಿನ್ಸಿಪಾಲರು ಕೇಳಿದ ಫೈಲನ್ನು ಪಕ್ಕಕ್ಕೆ ತಳ್ಳಿ, ಒಂದು ಗೊಂಬೆಗಾಗಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ನಡುಗುತ್ತಾನೆ ಅಂದರೆ ನಿಮಗೆ ನಗು ಬರುತ್ತದೆ. ನಗಿ, ಪರವಾಗಿಲ್ಲ. ಅಂಬಾಜಿದುರ್ಗದ ಬುಡದಲ್ಲಿರುವ ಅವನ ಊರಿನವರು ಎಷ್ಟೋ ವರ್ಷದಿಂದ ನಗುತ್ತಲೇ ಇದ್ದಾರೆ. ನರೇಂದ್ರ ಅದಕ್ಕೆಲ್ಲ ಸೊಪ್ಪು ಹಾಕಿದವನಲ್ಲ. ಮಧ್ಯಾಹ್ನ ಬುಕಿಂಗ್ ತೆರೆಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದೂ ಹೋಯಿತು, ಅಷ್ಟರೊಳಗೆ ಅವನಿಗೊಂದು ಸಿಕ್ಕಿತ್ತು. ಸಿಕ್ಕಿತು ಅಂತ ಗೊತ್ತಾದ ತಕ್ಷಣ ಅವನ ಬೆರಳು ತಾನಾಗಿ ತಮ್ಮನ ನಂಬರಿಗೆ ಹೋಯಿತು. ರಿಂಗ್ ಆಗುವ ಮೊದಲೇ ನೆನಪಾಗಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

ತಮ್ಮ ರಮೇಶ್‌ಬಾಬು ತೀರಿಕೊಂಡು ವರ್ಷದ ಮೇಲಾಗಿತ್ತು.

ಗೊಂಬೆ ಅಂದರೆ ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಗೊಂಬೆ ಅಂದುಕೊಳ್ಳಬೇಡಿ. ಈ ಅಣ್ಣತಮ್ಮಂದಿರು ಚಿಕ್ಕವರಿದ್ದಾಗ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ‘ಧೂಮಕೇತು ದಳ’ ಅಂತ ಒಂದು ಕಾರ್ಟೂನ್ ಬರುತ್ತಿತ್ತು. ಮನೆಯಲ್ಲಿ ಟಿವಿ ಇರಲಿಲ್ಲ. ಪಕ್ಕದ ಮನೆಯ ಕಿಟಕಿಯ ಸರಳು ಹಿಡಿದು, ಹಿರಿಯವನು ಕಿರಿಯವನನ್ನು ಎತ್ತಿಕೊಂಡು, ಇಬ್ಬರೂ ನೋಡುತ್ತಿದ್ದರು. ಈಗ ಅದೇ ಕಥೆಯನ್ನು ಮೊಬೈಲಿಗಾಗಿ ಹೊಸದಾಗಿ ತೆಗೆದಿದ್ದಾರೆ, ಅದರ ಜೊತೆಗೆ ವರ್ಷಕ್ಕೊಂದರಂತೆ ಆ ದಳದ ವೀರರ ಗೊಂಬೆ ಬಿಡುತ್ತಾರೆ. ಮೊಳದುದ್ದ ಇರುತ್ತದೆ. ಬೂಟಿನ ಮೇಲಿನ ಧೂಳು, ಹಣೆಯ ಗಾಯದ ಗುರುತು, ಎಲ್ಲವನ್ನೂ ಕೈಯಲ್ಲಿ ಬಣ್ಣ ಹಚ್ಚಿ ತೋರಿಸಿರುತ್ತಾರೆ. ಮಕ್ಕಳು ಆಡಲಿ ಅಂತ ಮಾಡಿದ್ದೇ ಅಲ್ಲ, ನರೇಂದ್ರನಂಥವರಿಗಾಗಿಯೇ ಮಾಡಿದ್ದು. ಚಿಂತಾಮಣಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ರಮೇಶ್‌ಬಾಬು ಹೊಸ ಗೊಂಬೆ ಬರುವ ದಿನ ಬಾಗಿಲೆಳೆದು ಮನೆಗೆ ಬಂದುಬಿಡುತ್ತಿದ್ದ. ಅಣ್ಣ ರಜೆ ಹಾಕುತ್ತಿದ್ದ. ಇಬ್ಬರೂ ಕೈಕಾಲು ತೊಳೆದು, ಹಾಲ್‌ನಲ್ಲಿ ಚಾಪೆ ಹಾಸಿಕೊಂಡು, ಹೊರಗಿನ ರಟ್ಟಿನ ಪೆಟ್ಟಿಗೆ ಬಿಚ್ಚಿ, ಒಳಗಿನ ಬಣ್ಣದ ಡಬ್ಬವನ್ನು ಕೂಸು ಎತ್ತಿದ ಹಾಗೆ ಎತ್ತಿ, ಮೂಲೆ ಮೂಲೆ ಪರೀಕ್ಷೆ ಮಾಡುತ್ತಿದ್ದರು. ಹೊಸ ಬಣ್ಣದ ವಾಸನೆಯನ್ನು ಇಬ್ಬರೂ ಸರದಿಯ ಮೇಲೆ ಮೂಸುತ್ತಿದ್ದರು.

ಆದರೆ ಅಷ್ಟೇ. ಡಬ್ಬದ ಸೀಲ್ ಒಡೆಯುವ ಹಾಗಿರಲಿಲ್ಲ. ಅದು ನರೇಂದ್ರನ ಕಾನೂನು. ಸೀಲ್ ಒಡೆದರೆ ಅದು ಬರೀ ಗೊಂಬೆ, ಒಡೆಯದಿದ್ದರೆ ಸಂಗ್ರಹ ಅನ್ನುತ್ತಿದ್ದ. ಹಾಲ್‌ನ ಗಾಜಿನ ಬೀರುವಿನಲ್ಲಿ ಏಳು ವೀರರು, ಡಬ್ಬದ ಪಾರದರ್ಶಕ ಕಿಟಕಿಯೊಳಗೆ, ಒಬ್ಬೊಬ್ಬರೂ ಬಲಗೈಯನ್ನು ಮೇಲಕ್ಕೆತ್ತಿ ನಿಂತಿದ್ದರು. ರಮೇಶ ಮಾತ್ರ ಆ ಕಿಟಕಿಯ ಮೇಲೆ ಬೆರಳು ಒತ್ತಿ ಒತ್ತಿ ನೋಡುತ್ತಿದ್ದ.

“ಅಣ್ಣಾ, ಒಂದನ್ನಾದ್ರೂ ತೆಗೆಯಣ. ಕೈಯಲ್ಲಿ ಹಿಡ್ಕೊಂಡು ನೋಡಣ. ಹಿಂಗೆ ಎಷ್ಟು ದಿನ ಗಾಜಿನ ಹೊರಗೇ ನಿಂತ್ಕೊಂಡು ನೋಡೋದು? ಆವಾಗ್ಲೂ ಕಿಟಕಿ, ಈವಾಗ್ಲೂ ಕಿಟಕಿ.”

“ಸುಮ್ನಿರೋ. ಕ್ಯಾಪ್ಟನ್ ಬರ್ಲಿ. ಕ್ಯಾಪ್ಟನ್ ಅಭ್ರಕ ಬಂದ ದಿನ ಅವನನ್ನ ತೆಗೆಯಣ. ನೀನೇ ತೆಗೆಯುವಂತೆ.”

“ಮಾತು ಕೊಡು.”

“ಕೊಟ್ಟೆ ಕಣೋ, ಹೋಗು.”

ಮಾತು ಕೊಟ್ಟಾಗ ಕ್ಯಾಪ್ಟನ್ ಗೊಂಬೆ ಬರುವ ಸುದ್ದಿಯೇ ಇರಲಿಲ್ಲ, ಆದ್ದರಿಂದ ಧಾರಾಳವಾಗಿ ಕೊಟ್ಟಿದ್ದ. ಹೋದ ವರ್ಷ ಆಷಾಢದಲ್ಲಿ ಜ್ವರ ಅಂತ ಮಲಗಿದ ರಮೇಶ ಏಳಲಿಲ್ಲ. ಹೆಂಡತಿ ಶಿರೀಷಾ, ಏಳು ವರ್ಷದ ಮಗಳು ಹರಿತಾ ಉಳಿದರು. ಈ ವರ್ಷ ಶ್ರಾವಣ ಕಳೆಯುವಷ್ಟರಲ್ಲಿ ಕ್ಯಾಪ್ಟನ್ ಅಭ್ರಕ ಬಿಡುಗಡೆಯಾದ.

ಪೆಟ್ಟಿಗೆ ಮನೆಗೆ ಬಂದ ದಿನ ನರೇಂದ್ರ ಒಬ್ಬನೇ ಚಾಪೆ ಹಾಸಿಕೊಂಡ. ಕಪ್ಪು ಡಬ್ಬ, ಬೆಳ್ಳಿಯ ಅಕ್ಷರ, ಒಳಗೆ ನೀಲಿ ನಿಲುವಂಗಿ ತೊಟ್ಟು ಬಲಗೈ ಎತ್ತಿ ನಿಂತ ಕ್ಯಾಪ್ಟನ್. ಎಂಥ ಚೆಂದ ಅಂತೀರಿ! ತನಗಾದದ್ದು ಖುಷಿಯೋ ದುಃಖವೋ ಅವನಿಗೇ ತಿಳಿಯಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಹರಿತಾ ಹತ್ತಿರ ಬಂದು ಕೈ ಚಾಚಿದಳು. “ಮುಟ್ಬೇಡಮ್ಮ” ಅಂದ. ಆ ಮಗು ಹುಟ್ಟಿದಾಗಿನಿಂದ ದೊಡ್ಡಪ್ಪನ ಬಾಯಲ್ಲಿ ಅತಿ ಹೆಚ್ಚು ಕೇಳಿದ ಮಾತೇ ಅದು. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು, ಗಾಜಿನಾಚೆಯ ಏಳು ಜನರ ಜೊತೆಗೆ ಕ್ಯಾಪ್ಟನ್ ಹೆಸರನ್ನೂ ತುಟಿಯಲ್ಲೇ ಎಣಿಸಿ, ಹೊರಗೆ ಹೋದಳು.

ಆ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ಮಾತು ಬೂದಿ ಮುಚ್ಚಿದ ಕೆಂಡದ ಹಾಗಿತ್ತು. ಶಿರೀಷಾಗೆ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ ಸಿಕ್ಕಿತ್ತು. ಆ ಕೋರ್ಸಿಗೆ ಸೇರಿಸಿದವನು ರಮೇಶನೇ, ದಿನಾ ಬೈಕಿನಲ್ಲಿ ಕೂರಿಸಿಕೊಂಡು ಬಸ್ಸಿಗೆ ಬಿಟ್ಟು ಬರುತ್ತಿದ್ದವನೂ ಅವನೇ. ಬೆಳಿಗ್ಗೆ ಬೇಗ ಹೋಗುವ ಕೆಲಸವಾದ್ದರಿಂದ ಅಲ್ಲೇ ಮನೆ ಮಾಡಬೇಕು, ಹರಿತಾಳನ್ನೂ ಅಲ್ಲೇ ಶಾಲೆಗೆ ಸೇರಿಸಬೇಕು. ಹಿರಿಯರ ಹಬ್ಬ ಮುಗಿದ ಮರುವಾರವೇ ಹೋಗಿ ಸೇರಿಕೊಳ್ಳಬೇಕಿತ್ತು.

ಅತ್ತೆ ಶ್ಯಾಮಲಮ್ಮ ಸುತರಾಂ ಒಪ್ಪಲಿಲ್ಲ. ಆಕೆ ಕೆಟ್ಟ ಹೆಂಗಸಲ್ಲ. ಹಿರಿಯ ಮಗನಿಗೆ ಮಕ್ಕಳಿಲ್ಲ, ಕಿರಿಯವನು ಹೋದ, ಇದ್ದ ಒಂದು ಮೊಮ್ಮಗುವೂ ಬ್ಯಾಗು ಹೆಗಲಿಗೇರಿಸಿ ಹೊರಟರೆ ಈ ಮನೆಯಲ್ಲಿ ಇನ್ನೇನು ಉಳಿಯಿತು ಅಂತ ಆಕೆಯ ಸಂಕಟ. ಶಿರೀಷಾ ವಾದ ಮಾಡುವವಳಲ್ಲ. ಭಾವನ ಕಡೆ ನೋಡುತ್ತಿದ್ದಳು. ಮನೆಗೆ ಹಿರಿಯ ಗಂಡಸು ಅವನೇ, ಮಾತಾಡಬೇಕಾದವನೂ ಅವನೇ. ಆದರೆ ಈ ಮಾತು ಎದ್ದಾಗಲೆಲ್ಲ ನರೇಂದ್ರ ಬಟ್ಟೆ ತೆಗೆದುಕೊಂಡು ಬೀರುವಿನ ಗಾಜು ಒರೆಸಲು ಹೋಗುತ್ತಿದ್ದ. ಎಂಥ ಗಂಡಸಪ್ಪ!

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು, ಹಿರಿಯರ ಹಬ್ಬ. ವರ್ಷದ ತಿಥಿ ಮುಗಿದಿದ್ದರಿಂದ ರಮೇಶನನ್ನು ಹಿರಿಯರ ಸಾಲಿಗೆ ಸೇರಿಸುವ ಮೊದಲ ಹಬ್ಬ ಇದು. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಎಡೆ ಇಡಬೇಕು. ಹೊಸದಾಗಿ ಸೇರುವವರ ಎಲೆಯನ್ನು, ಅವರ ಇಷ್ಟದ ವಸ್ತುವಿನ ಸಮೇತ, ಮಹಡಿಯ ಮೇಲೆ ಕಾಗೆಗೆ ಇಡುವುದು ಈ ಮನೆಯ ಪದ್ಧತಿ. ಕಾಗೆ ಮುಟ್ಟಿದ ಮೇಲೆಯೇ ಮನೆಯವರು ಬಾಯಿಗೆ ತುತ್ತಿಡಬೇಕು.

ಹಿಂದಿನ ದಿನ ಸಂಜೆ ಶ್ಯಾಮಲಮ್ಮ ಸೊಪ್ಪು ಬಿಡಿಸುತ್ತಾ ಮಗನನ್ನು ಕರೆದರು.

“ನರೇಂದ್ರಾ, ರಮೇಶ ಬೀಡಿ ಸೇದ್ತಿರಲಿಲ್ಲ, ಕುಡೀತಿರಲಿಲ್ಲ. ಅವನ ಪ್ರಾಣ ಅಂದ್ರೆ ಆ ಗೊಂಬೆಗಳು. ಹೊಸದೊಂದು ಬಂದೈತಲ್ಲಪ್ಪ, ಅದನ್ನೇ ಇಡು.”

“ಇಡ್ತೀನಮ್ಮ.”

“ಡಬ್ಬ ಬಿಚ್ಚಿ ಇಡು ಮತ್ತೆ. ಸೀರೆಯಾದ್ರೆ ಮಡಿಕೆ ಬಿಡಿಸಿ ಇಡ್ತೀವಿ, ಬೀಡಿಯಾದ್ರೆ ಕಟ್ಟು ಹರಿದು ಇಡ್ತೀವಿ. ಮುಚ್ಚಿಟ್ಟಿದ್ದು ಅವರಿಗೆ ಮುಟ್ಟಲ್ಲ.”

ನರೇಂದ್ರ ಹೂಂ ಅಂದ.

ಬೆಳಿಗ್ಗೆ ಸ್ನಾನ ಮಾಡಿ ಕತ್ತರಿ ಹಿಡಿದು ಬೀರುವಿನ ಮುಂದೆ ನಿಂತ. ಕ್ಯಾಪ್ಟನ್ ಡಬ್ಬ ಕೈಗೆತ್ತಿಕೊಂಡ. ಸೀಲಿನ ಮೇಲೆ ಕತ್ತರಿಯ ತುದಿ ಇಟ್ಟ, ತೆಗೆದ. ಇನ್ನೊಂದು ಸಿಗುವುದಿಲ್ಲ, ಈ ಜನ್ಮದಲ್ಲಿ ಸಿಗುವುದಿಲ್ಲ. ತಮ್ಮನಿಗಾಗಿಯೇ ಕೊಂಡದ್ದು ಅಂತ ತನಗೆ ತಾನೇ ಹೇಳಿಕೊಂಡಿದ್ದನಲ್ಲ, ಅದು ಸುಳ್ಳೆಂದು ಆಗ ಗೊತ್ತಾಯಿತು. ತಮ್ಮನ ನೆನಪಿನ ಜೊತೆಗೆ ಹಾಳು ಆಸೆಯೂ ಇತ್ತು. ಆಸೆಯೇ ಒಂದು ತೂಕ ಹೆಚ್ಚಿತ್ತು. ಬೀರುವಿನ ಕೆಳಗಿನ ಖಾನೆಯಲ್ಲಿ ಐದನೆಯ ವೀರನದು ಇನ್ನೊಂದು ಡಬ್ಬವಿತ್ತು. ಕೊರಿಯರಿನಲ್ಲಿ ಮೂಲೆ ಜಜ್ಜಿಹೋಗಿ ಬಂದದ್ದು, ಕಂಪನಿಯವರು ಬದಲಿ ಕಳಿಸಿದ ಮೇಲೂ ಇಲ್ಲೇ ಉಳಿದಿದ್ದದ್ದು. ಅದನ್ನು ಎತ್ತಿಕೊಂಡ. ಅಮ್ಮನ ಕಣ್ಣಿಗೆ ಎಲ್ಲವೂ ಒಂದೇ. ಮುಚ್ಚಳ ಕಿತ್ತು, ಡಬ್ಬದ ಬಾಯಿ ತೆರೆದ ಹಾಗೇ ಎಡೆಯ ಬುಟ್ಟಿಯಲ್ಲಿಟ್ಟ. ಕ್ಯಾಪ್ಟನ್‌ನನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮೇಲಿನ ಖಾನೆಯ ಹಿಂದಕ್ಕೆ ತಳ್ಳಿದ.

ಅಡುಗೆಮನೆಯಿಂದ ಹೆಂಡತಿ ಪ್ರಿಯಾಂಕ ಇಣುಕಿದಳು. “ಏನ್ರೀ, ಇದೇನಾ ಹೊಸದು? ಮೂಲೆ ಜಜ್ಜಿದೆ? ಜಜ್ಜಿದ್ದನ್ನ ನೀವು ಮನೆಯೊಳಗೆ ಬಿಟ್ಕೊಂಡಿದ್ದೇ ದೊಡ್ಡದು.”

“ಹೂಂ, ಇದೇ. ನೀನು ವಡೆ ನೋಡ್ಕೋ ಹೋಗು, ಸೀದುಹೋಯ್ತು.”

ಮಹಡಿಯ ಮೇಲೆ ಎಲೆ ಹಾಸಿದರು. ಮುದ್ದೆ, ಕೋಳಿಸಾರು, ಉದ್ದಿನ ವಡೆ, ಕಜ್ಜಾಯ, ಒಂದು ಲೋಟ ನೀರು. ಎಲೆಯ ತಲೆದೆಸೆಯಲ್ಲಿ ಗೊಂಬೆಯನ್ನು ಡಬ್ಬದ ಸಮೇತ ಇಟ್ಟ ನರೇಂದ್ರ ಎರಡು ಹೆಜ್ಜೆ ಹಿಂದೆ ಬಂದು ನಿಂತ. ಊದುಬತ್ತಿ ಹಚ್ಚಿದರು. ಶ್ಯಾಮಲಮ್ಮ “ಕಾ ಕಾ” ಅಂತ ಕರೆದರು. ಹರಿತಾ ಡಬ್ಬವನ್ನು ನೋಡಿದಳು, ಆಮೇಲೆ ದೊಡ್ಡಪ್ಪನ ಮುಖ ನೋಡಿದಳು. ವರ್ಷಗಟ್ಟಲೆ ಗಾಜಿನ ಹೊರಗೆ ನಿಂತು ನೋಡಿದವಳಿಗೆ ಕ್ಯಾಪ್ಟನ್ ಯಾರು, ಐದನೆಯವನು ಯಾರು ಅಂತ ಗೊತ್ತಾಗದೆ ಇರುತ್ತದೆಯೇ? ಆದರೆ ಗೊಂಬೆಗಳ ವಿಷಯದಲ್ಲಿ ಬಾಯಿ ಹಾಕಬಾರದು ಅಂತ ಅವಳಿಗೆ ಕಲಿಸಿಟ್ಟಿದ್ದರು.

ಕಾಗೆ ಬರಲಿಲ್ಲ. ಬರುವುದಾದರೂ ಹೇಗೆ ಹೇಳಿ? ಊರಿಗೆ ಊರೇ ಎಡೆ ಇಟ್ಟಿದೆ, ಇರುವ ಕಾಗೆಗಳು ಇಷ್ಟೇ. ಪಕ್ಕದ ಮಹಡಿಯ ಮೇಲೆ ನಾಲ್ಕಾರು ಕೂತು ಎಲೆ ಎಳೆದಾಡುತ್ತಿದ್ದವು. ಒಂದು ಈ ಕಡೆ ಹಾರಿ ಬಂತು, ಗೋಡೆಯ ಮೇಲೆ ಕೂತು, ಕತ್ತು ಓರೆ ಮಾಡಿ ನೋಡಿ, ಹಾರಿಹೋಯಿತು.

ಶ್ಯಾಮಲಮ್ಮನ ಮುಖ ಇಳಿದುಹೋಯಿತು. “ಬಾರಪ್ಪಾ ರಮೇಶಾ. ನಿನಗಿಷ್ಟ ಅಂತ ಕಜ್ಜಾಯ ಮಾಡೀವ್ನಿ, ಬಾ.” ಬಿಸಿಲು ಏರಿತು. ಮುದ್ದೆಯ ಮೇಲೆ ಪೊರೆ ಕಟ್ಟಿತು. ಆಕೆಯ ತವರು ಮದನಪಲ್ಲಿ ಕಡೆ. ದುಃಖ ಉಕ್ಕಿದರೆ ತೆಲುಗೇ ಬಾಯಿಗೆ ಬರುವುದು. “ರಾ ನಾಯ್ನಾ, ಬಾ ನನ್ನಪ್ಪಾ. ಅಮ್ಮನ ಮೇಲೆ ಕೋಪನಾ? ರಾ ನಾಯ್ನಾ.” ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ನರೇಂದ್ರನಿಗೆ ನಿಂತ ನೆಲ ಸುಟ್ಟಂತಾಯಿತು. ಕಾಗೆಗೆ ಹೊಟ್ಟೆ ತುಂಬಿದೆ, ಅಷ್ಟೇ, ಅಂತ ಒಳಗೊಳಗೇ ಹೇಳಿಕೊಂಡ. ನಂಬಿಕೆ ಬರಲಿಲ್ಲ.

ಹೀಗೆ ಕಾಗೆ ಮುಟ್ಟದಿದ್ದಾಗ ಏನು ಮಾಡಬೇಕು ಅನ್ನುವುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಸತ್ತವರ ಮನಸ್ಸಿನಲ್ಲಿ ಏನೋ ಕೊರಗು ಉಳಿದಿದೆ, ಮನೆಯವರು ಅದನ್ನು ತೀರಿಸುತ್ತೇವೆ ಅಂತ ಎಡೆಯ ಮುಂದೆ ಮಾತು ಕೊಡಬೇಕು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ನರೇಂದ್ರನ ಅಪ್ಪ ವೆಂಕಟರಾಮಪ್ಪ ತಮ್ಮ ತಂದೆಯ ಎಡೆಯ ಮುಂದೆ ಕುಡಿತ ಬಿಡುತ್ತೇನೆ ಅಂದವರು, ಸಾಯುವವರೆಗೆ ಹೆಂಡದ ವಾಸನೆ ನೋಡಲಿಲ್ಲ.

ಶ್ಯಾಮಲಮ್ಮ ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೆ.

“ಶಿರೀಷಾ, ನೀನೇ ಹೇಳಮ್ಮ. ಅವನ ಜೀವ ನಿಮ್ಮಿಬ್ಬರ ಮೇಲೇ ಐತೆ. ಮಗೀನ ಕರ್ಕೊಂಡು ಈ ಮನೆ ಬಿಟ್ಟು ಹೋಗಲ್ಲ ಅಂತ ಒಂದು ಮಾತು ಹೇಳು. ಬರ್ತಾನೆ ನೋಡು.”

ಶಿರೀಷಾ ಭಾವನ ಕಡೆ ಒಮ್ಮೆ ನೋಡಿದಳು, ಯಾವಾಗಲೂ ನೋಡುತ್ತಿದ್ದ ಹಾಗೆಯೇ. ಒರೆಸಲು ಅಲ್ಲಿ ಗಾಜಿರಲಿಲ್ಲ. ನರೇಂದ್ರ ಕಾಲ ಬೆರಳು ನೋಡಿಕೊಂಡ. ಅವಳು ಸೆರಗು ಹೊದ್ದು ಎಲೆಯ ಮುಂದೆ ಮಂಡಿಯೂರಿದಳು. ಗಂಡ ದಿನಾ ಬೈಕಿನಲ್ಲಿ ಬಿಟ್ಟುಬಂದು ಓದಿಸಿದ ಓದನ್ನು, ಆ ಗಂಡನ ಹೆಸರಿನಲ್ಲೇ ಬಿಟ್ಟುಕೊಡಲು ಕೈಜೋಡಿಸಿದಳು.

“ರೀ...” ಅಂದಳು. “ನಾನು...”

“ತಡಿ ಶಿರೀಷಾ.”

ಎಲ್ಲರೂ ತಿರುಗಿ ನೋಡಿದರು. ನರೇಂದ್ರನ ದನಿ ಅವನಿಗೇ ಹೊಸದಾಗಿ ಕೇಳಿಸಿತು.

“ಅವಳೇನೂ ಹೇಳೋದು ಬೇಡಮ್ಮ. ತಪ್ಪು ನಂದು. ಅದು ಹೊಸ ಗೊಂಬೆ ಅಲ್ಲ. ಜಜ್ಜಿಹೋಗಿದ್ದ ಹಳೇದು ಇಟ್ಟಿದ್ದೀನಿ. ಹೊಸದನ್ನ ಬಚ್ಚಿಟ್ಕೊಂಡೆ.”

“ಏನಪ್ಪಾ ಹಂಗಂದ್ರೆ?” ಶ್ಯಾಮಲಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. “ಸತ್ತ ತಮ್ಮನಿಗಾ? ಎಡೆಗಾ?”

“ಹೌದಮ್ಮ. ಆಸೆಯಾಯ್ತು.”

ಅಷ್ಟು ಹೇಳಿ ಮೆಟ್ಟಿಲಿಳಿದು ಓಡಿದ. ಪಂಚೆಯ ಗಂಟನ್ನು ಬಿಚ್ಚುವ ತಾಳ್ಮೆಯಿಲ್ಲದೆ ಹಾಗೇ ಎತ್ತಿಕೊಂಡು ಬಂದ. ಐದನೆಯವನನ್ನು ಪಕ್ಕಕ್ಕಿಟ್ಟು ಕ್ಯಾಪ್ಟನ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡ. ಕತ್ತರಿ ತಂದಿರಲಿಲ್ಲ. ಉಗುರಿನಿಂದ ಸೀಲ್ ಕೆರೆದ, ಬರಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದ. ಕಪ್ಪು ರಟ್ಟು ಬೆಳ್ಳಿಯ ಅಕ್ಷರಗಳ ನಡುವೆಯೇ ಹರಿಯಿತು. ಆ ಸದ್ದಿಗೆ ಅವನು ಕಣ್ಣು ಮುಚ್ಚಿಕೊಂಡ, ಸುಳ್ಳೇಕೆ ಹೇಳಲಿ. ಕ್ಯಾಪ್ಟನ್‌ನನ್ನು ಹೊರಗೆಳೆದು, ಪ್ಲಾಸ್ಟಿಕ್ ತಟ್ಟೆಗೆ ಕಟ್ಟಿದ್ದ ತಂತಿಯ ಸಮೇತ, ಎಲೆಯ ತಲೆದೆಸೆಯಲ್ಲಿ ನಿಲ್ಲಿಸಿದ.

ಕೈಜೋಡಿಸಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ರಮೇಶಾ, ಕ್ಯಾಪ್ಟನ್ ಬಂದ ದಿನ ಡಬ್ಬ ತೆಗೆಯಣ ಅಂದಿದ್ದೆ, ತೆಗೆದಿದ್ದೀನಿ ನೋಡು. ಇನ್ನೊಂದು ಮಾತು. ಶಿರೀಷಾ ಕೆಲಸಕ್ಕೆ ಹೋಗ್ತಾಳೆ. ಹರಿತಾನೂ ಜೊತೇಲಿ ಹೋಗ್ತಾಳೆ. ಚಿಕ್ಕಬಳ್ಳಾಪುರದಲ್ಲಿ ಮನೆ ನಾನೇ ನೋಡಿ ಕೊಡ್ತೀನಿ, ವಾರ ವಾರ ನಾನೇ ಹೋಗಿ ಇಬ್ರನ್ನೂ ಕರ್ಕೊಂಡು ಬರ್ತೀನಿ. ಈ ಮನೇಲಿ ಯಾರೂ ಅವಳನ್ನ ತಡೆಯಲ್ಲ. ಇದು ನಿನ್ನ ಎಡೆ ಮುಂದೆ ಆಡಿದ ಮಾತು ಕಣೋ.”

“ನರೇಂದ್ರಾ!” ಶ್ಯಾಮಲಮ್ಮ ಕೂಗಿದರು. “ಏನು ಮಾಡ್ಬಿಟ್ಟೆಯೋ! ನನ್ನನ್ನ ಒಂದು ಮಾತು ಕೇಳಬಾರದಾ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ, ನಾನು ಸುಮ್ನಾಗ್ತಿದ್ದೆ. ಇಷ್ಟು ದಿನ ಅದೇ ಆಗಿದ್ದಮ್ಮ.”

ಶಿರೀಷಾ ಮಂಡಿಯೂರಿದಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಗಂಡ ಹೋದಾಗಲೂ ಹೀಗೆ ದನಿ ತೆಗೆದು ಅತ್ತವಳಲ್ಲ. ಪ್ರಿಯಾಂಕ ಹೋಗಿ ಅವಳ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು. ಬಿಸಿಲಿನಲ್ಲಿ ಎಲ್ಲರೂ ಹಾಗೇ ಇದ್ದರು. ಪಕ್ಕದ ಮನೆಯ ಎಲೆ ಖಾಲಿಯಾಗಿತ್ತೋ ಏನೋ, ಒಂದು ಕಾಗೆ ಹಾರಿ ಬಂದು ಗೋಡೆಯ ಮೇಲೆ ಕೂತಿತು. ಇಳಿಯಿತು. ಕುಪ್ಪಳಿಸಿ ಗೊಂಬೆಯ ಹತ್ತಿರ ಬಂದು ಅದರ ನೀಲಿ ನಿಲುವಂಗಿಯನ್ನು ಒಮ್ಮೆ ಕುಕ್ಕಿ, ಆಮೇಲೆ ಎಲೆಯ ಮೇಲಿಂದ ಒಂದು ಕಜ್ಜಾಯ ಕಚ್ಚಿಕೊಂಡು ಹೋಯಿತು.

ಗೊಂಬೆಗೆ ಬಂತೋ, ಮಾತಿಗೆ ಬಂತೋ, ಬರೀ ಹಸಿದು ಬಂತೋ, ನನ್ನನ್ನು ಕೇಳಬೇಡಿ. ಶ್ಯಾಮಲಮ್ಮನನ್ನು ಕೇಳಿದರೆ ಆಕೆಗೆ ಅನುಮಾನವೇ ಇಲ್ಲ. “ಮುಟ್ಟಿದ” ಅಂದರು. ಆಮೇಲೆ ಸೊಸೆಯ ತಲೆಯ ಮೇಲೆ ಕೈಯಿಟ್ಟರು. “ಆಯ್ತಮ್ಮ. ಅವನೇ ಒಪ್ಪಿದ ಮೇಲೆ ನಾನ್ಯಾರು ಬೇಡ ಅನ್ನಕ್ಕೆ. ವಾರ ವಾರ ಬರಬೇಕು ಕಣೇ, ತಪ್ಪಿಸಬಾರದು.” ಮೊಮ್ಮಗಳನ್ನು ಎಳೆದು ಹೊಟ್ಟೆಗೊತ್ತಿಕೊಂಡರು.

ಎಡೆಗಿಟ್ಟದ್ದನ್ನು ಮತ್ತೆ ಒಳಗೆ ಬಚ್ಚಿಡುವ ಹಾಗಿಲ್ಲ. ಸೀರೆಯಾದರೆ ಅವತ್ತೇ ಯಾರಾದರೂ ಉಡಬೇಕು, ತಿಂಡಿಯಾದರೆ ತಿನ್ನಬೇಕು. ಗೊಂಬೆಯಾದರೆ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಆ ಊರಿನಲ್ಲಿ ಯಾರೂ ಹಿಂದೆ ಗೊಂಬೆ ಎಡೆಯಿಟ್ಟಿರಲಿಲ್ಲ. ಊಟವಾದ ಮೇಲೆ ನರೇಂದ್ರ ಹಾಲ್‌ನಲ್ಲಿ ಚಾಪೆ ಹಾಸಿ, ರಮೇಶನ ಫೋಟೋದ ಕೆಳಗೆ ಗೊಂಬೆಯನ್ನಿಟ್ಟು ಕೂತಿದ್ದ. ಹರಿತಾ ಬಂದು ಎದುರಿಗೆ ಕೂತಳು. ಕೈ ಚಾಚಿದಳು. ಅರ್ಧಕ್ಕೆ ಬಂದ ಕೈ ಅಭ್ಯಾಸಬಲದಿಂದ ತಾನಾಗಿ ನಿಂತಿತು.

“ಮುಟ್ಬೋದಾ ದೊಡ್ಡಪ್ಪ?”

ನರೇಂದ್ರ ಗೊಂಬೆಯನ್ನು ಅವಳ ಕಡೆ ತಳ್ಳಿದ.

ಅವಳು ಕ್ಯಾಪ್ಟನ್‌ನನ್ನು ಮಡಿಲಿಗೆ ಹಾಕಿಕೊಂಡು, ಸೊಂಟದ ತಂತಿ ಬಿಚ್ಚಿದಳು, ಕಾಲಿನ ತಂತಿ ಬಿಚ್ಚಿದಳು. ಕೊನೆಗೆ ಎತ್ತಿದ ಬಲಗೈಯ ಮಣಿಕಟ್ಟಿಗೆ ಸುತ್ತಿದ್ದ ತಂತಿಯನ್ನೂ ಬಿಚ್ಚಿದಳು. ಬಿಚ್ಚಿದ್ದೇ ತಡ, ಆ ಕೈ ಮೆಲ್ಲಗೆ ಕೆಳಗಿಳಿದು ಪಕ್ಕಕ್ಕೆ ಬಂತು. ಹರಿತಾ ಅದನ್ನು ಮೇಲಕ್ಕೆತ್ತಿದಳು, ಮೊಣಕೈ ಮಡಚಿದಳು, ಹಣೆಗೆ ಹಚ್ಚಿ ಸೆಲ್ಯೂಟ್ ಹೊಡೆಸಿದಳು.

ನರೇಂದ್ರ ಬಾಯಿ ಬಿಟ್ಟುಕೊಂಡು ನೋಡಿದ. ವರ್ಷ ವರ್ಷವೂ ಆ ಗಾಜನ್ನು ಒರೆಸಿದವನಿಗೆ ಗೊತ್ತೇ ಇರಲಿಲ್ಲ. ಎತ್ತಿದ ಕೈ ಹಾಗೇ ಎರಕ ಹೊಯ್ದದ್ದು ಅಂತ ಅಂದುಕೊಂಡಿದ್ದ. ಒಮ್ಮೆಲೇ ಫೋಟೋದ ಕಡೆ ತಿರುಗಿದ.

“ಲೋ ರಮೇಶಾ, ಇದರ ಕೈ ಆಡುತ್ತೆ ಕಣೋ” ಅಂದ.